ಜವರನ ಕೀಲುಮೀನು

"ಗುರುಗಳೇ, ಬಾರದ ಅಳು ಬರಿಸ್ಕೊಂಡು ಜನರನ್ನ ಒಳ್ಳೇದರ ಕಡೆಗೆ ಸೆಳೆದರೆ ಅದು ತಪ್ಪಾ?"

ಕೇಳಿದವನು ಶಿವನಂಜ. ಮಠದ ಶಿಷ್ಯರಲ್ಲಿ ಊರೂರು ತಿರುಗಿ ಪುಣ್ಯಕತೆ ಹೇಳೋ ಕೆಲಸ ಅವನದು. ಹಿಂದಿನ ದಿನ ಒಂದು ಊರಲ್ಲಿ ಕತೆ ಮುಗಿಸಿ ಆಗತಾನೇ ಬಂದಿದ್ದ. ಗುರುಗಳು ಜಗಲಿ ಮೇಲೆ ಕೂತು, ನೆನೆಸಿದ ಅವರೆಕಾಳು ಹಿತುಕಿ ಸಿಪ್ಪೆ ಬಿಡಿಸ್ತಾ ಇದ್ದರು. ಶಿವನಂಜ ತಾನೂ ಒಂದು ಹಿಡಿ ಕಾಳು ತಗೊಂಡು ಪಕ್ಕದಲ್ಲಿ ಕೂತ.

"ಈ ಪ್ರಶ್ನೆ ಯಾಕೆ ಬಂತು?" ಅಂದರು ಗುರುಗಳು.

"ನಮ್ಮವ್ವ ತೀರ್ಕೊಂಡ ಮೇಲೆ ಮೊದಲನೇ ಸಲ ಕತೆ ಹೇಳೋಕೆ ಕೂತಿದ್ದೆ. ತಾಯಿ ಮಗನ್ನ ಬಿಟ್ಟು ಹೋಗೋ ಜಾಗ ಬಂತು, ಗಂಟಲು ಕಟ್ಟಿಬಿಡ್ತು. ಅದು ನಿಜವಾದ ಅಳು. ಕೂತಿದ್ದೋರೆಲ್ಲ ಅತ್ತರು. ಒಬ್ಬ ಆವತ್ತಿಂದ ಕುಡಿಯೋದೇ ಬಿಟ್ಟ. ಆಮೇಲಿಂದ ಎಲ್ಲಿ ಹೋದರೂ ಆ ಜಾಗದಲ್ಲಿ ಗಂಟಲು ಕಟ್ಟಿಸ್ಕೊಳ್ತೀನಿ. ಈಗ ಅದು ತಾನಾಗೇ ಬರಲ್ಲ, ನಾನೇ ತಂದ್ಕೊಳ್ತೀನಿ. ಆದರೂ ಜನ ಮೊದಲಿಗಿಂತ ಜಾಸ್ತಿ ಸೇರ್ತಾರೆ. ನಿನ್ನೆ ಹೊರಡೋ ಹೊತ್ತಿಗೆ ನೋಡ್ತೀನಿ, ಆ ಊರಿನ ಚಿಕ್ಕ ಮಕ್ಕಳು ಅರಳಿಕಟ್ಟೆ ಮೇಲೆ ಕೂತು ಥೇಟ್ ನನ್ನ ಹಂಗೇ ಗಂಟಲು ಕಟ್ಟಿಸ್ಕೊಂಡು ಕತೆ ಆಟ ಆಡ್ತಿದ್ವು. ನಂಗೆ ನಗು ತಡೆಯೋಕಾಗಲಿಲ್ಲ. ಎಷ್ಟು ಚೆನ್ನಾಗಿ ಅಳ್ತಿದ್ವು ಅಂತೀರಾ!"

ಗುರುಗಳು ನಗಲಿಲ್ಲ. ಬೆರಳ ಸಂದಿಯಿಂದ ಒಂದು ಕಾಳು ಚಿಮ್ಮಿ ಬಟ್ಟಲಿಗೆ ಬಿತ್ತು.

"ಒಂದು ಕತೆ ಹೇಳ್ತೀನಿ. ಕೈ ನಿಲ್ಲಿಸಬೇಡ, ಕಾಳು ಹಿತುಕ್ತಾ ಕೇಳು" ಅಂದರು.

*

ಒಂದು ಹೊಳೆ ಇತ್ತು. ಹೊಳೆ ತಿರುಗೋ ಕಡೆ ಒಂದು ಮಡು. ಎಂಥಾ ಬೇಸಿಗೆಯಲ್ಲೂ ಆ ಮಡುವಿನ ತಳ ಯಾರಿಗೂ ಕಂಡಿರಲಿಲ್ಲ. ದಡದಲ್ಲಿ ಬೆಸ್ತರ ಒಂದು ಚಿಕ್ಕ ಊರು.

ಆ ಊರಿನವರು ಹೊಳೆಯಲ್ಲಿ ಬೇರೆ ಎಲ್ಲಿ ಬೇಕಾದರೂ ಹೆಂಗೆ ಬೇಕಾದರೂ ಮೀನು ಹಿಡೀಬಹುದಿತ್ತು. ಮಡುವಿಗೆ ಮಾತ್ರ ಒಂದು ಕಟ್ಟಳೆ. ಅಲ್ಲಿ ಬಲೆ ಬೀಸಬಾರದು. ಗಾಳ ಹಾಕಬಹುದು, ಆದರೆ ಗಾಳಕ್ಕೆ ಎರೆಹುಳವಾಗಲಿ ಕಪ್ಪೆಮರಿಯಾಗಲಿ ಚುಚ್ಚಬಾರದು. ಮಡುವಿನಲ್ಲಿ ದಾರಕ್ಕೆ ಜೀವ ಕಟ್ಟಬಾರದು ಅಂತ ಹಿರಿಯರು ಹೇಳಿ ಹೋಗಿದ್ದರು. ಯಾಕೆ ಅಂತ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಹಿಟ್ಟಿನ ಉಂಡೆ ಕಟ್ಟಿ ಕೂತರೆ ಬೆರಳುದ್ದದ ಮೀನುಗಳು ಬಂದು ಕಚ್ಚಿ ತಿಂದು ಹೋಗ್ತಿದ್ವು. ಮಡುವಿನ ದೊಡ್ಡ ಬಾಳೆಮೀನುಗಳು ಹಿಟ್ಟಿನ ಹತ್ತಿರ ಸುಳೀತಾನೂ ಇರಲಿಲ್ಲ. ಅವು ಓಡೋದನ್ನ ಅಟ್ಟಿಸಿಕೊಂಡು ಹೋಗಿ ನುಂಗೋ ಜಾತಿ.

ಆ ಊರಲ್ಲಿ ಜವರ ಅಂತ ಒಬ್ಬ ಇದ್ದ. ಬೆಸ್ತನೇ, ಆದರೆ ಕೈ ಮಾತ್ರ ಬಡಗಿಯದು. ಹರಿಗೋಲಿಗೆ ಹುಟ್ಟು ಕೆತ್ತಿಕೊಡೋದು, ಮಕ್ಕಳಿಗೆ ಬುಗುರಿ ಮಾಡಿಕೊಡೋದು ಅವನ ಅಭ್ಯಾಸ. ಹೆಂಡತಿ ಪುಟ್ಟಮಾದಿ. ಹೊನ್ನಿ ಅಂತ ಒಬ್ಬಳೇ ಮಗಳು, ಆಗಿನ್ನೂ ಅಂಬೆಗಾಲಿಡೋ ಕೂಸು. ಆ ಮಗು ಅಂದರೆ ಜವರನಿಗೆ ಜೀವ. ಕೆತ್ತೋಕೆ ಕೂತರೆ ತೊಡೆ ಪಕ್ಕದಲ್ಲೇ ಕೂರಿಸ್ಕೊಳ್ತಿದ್ದ. ಮಗು ಮರದ ಹೊಟ್ಟನ್ನ ತಲೆ ಮೇಲೆ ಸುರ್ಕೊಂಡು ನಗ್ತಾ ಇರೋದು.

ಒಂದಿನ ಜವರನಿಗೆ ಒಂದು ಯೋಚನೆ ಹೊಳೀತು. ಮರಕ್ಕೆ ಜೀವ ಇಲ್ಲ. ಮರದ ಮೀನು ಮಾಡಿ ದಾರಕ್ಕೆ ಕಟ್ಟಿದರೆ ಕಟ್ಟಳೆ ಮುರಿದ ಹಂಗಾಗಲ್ಲ.

ಹಾಲುವಾಣದ ಹಗುರವಾದ ಮರ ತಂದು ಅಂಗೈ ಉದ್ದದ ಮೀನು ಕೆತ್ತಿದ. ಹೊಟ್ಟೆಗೆ ಗಾಳ ಸಿಕ್ಕಿಸಿ ಹೊಳೆಗೆ ತಗೊಂಡು ಹೋದ. ದಡದಲ್ಲಿ ಹರಿಗೋಲು ನಡೆಸೋ ಮುದುಕ ಕಾಳತಾತ ಎಲೆ ಅಡಿಕೆ ಜಗೀತಾ ಕೂತಿದ್ದ. ಜವರ ದಾರ ಎಳೆದ. ಮೀನು ನೀರಿನ ಮೇಲೆ ಕಡ್ಡಿ ಹಂಗೆ ತೇಲ್ಕೊಂಡು ಬಂತು.

"ಏನ್ಲಾ ಜವರ, ಒನಕೆಗೆ ಗಾಳ ಕಟ್ಟಿದ್ದೀಯಲ್ಲ! ಮಡುವಿನಲ್ಲಿ ಬತ್ತ ಕುಟ್ಟೋ ಮೀನು ಐತಾ?"

"ನಗು ತಾತ, ನಗು. ಇದಕ್ಕೆ ನಡು ಬಗ್ಗಲ್ಲ, ಅದಕ್ಕೇ ಹಿಂಗೆ."

"ನನ್ನ ನಡುವೇ ಬಗ್ಗಲ್ಲ, ನಿನ್ನ ಮರದ್ದು ಬಗ್ಗುತ್ತಾ?"

ಜವರ ಮನೆಗೆ ಬಂದು ಮೀನನ್ನ ಮೂರು ತುಂಡು ಮಾಡಿದ. ತಲೆ, ನಡು, ಬಾಲ. ಕೊಯ್ದ ಕಡೆ ಎರಡೂ ಬದಿ ಚೂಪಾಗಿ ಹೆರೆದ, ತುಂಡುಗಳು ಒಂದಕ್ಕೊಂದು ತಗಲದೆ ಆ ಕಡೆ ಈ ಕಡೆ ಆಡೋ ಹಂಗೆ. ಹಿತ್ತಾಳೆ ತಂತಿ ಬಗ್ಗಿಸಿ ಒಂದು ಕುಣಿಕೆ ಒಳಗೆ ಇನ್ನೊಂದು ಕುಣಿಕೆ ಹಾಕಿ ಕೀಲು ಮಾಡಿದ. ಮೀನು ಮಗುಚಬಾರದು ಅಂತ ಕಾದ ಮೊಳೆಯಲ್ಲಿ ಹೊಟ್ಟೆ ಕೊರೆದು ಸೀಸ ಹೊಯ್ದ. ನೀರು ಕುಡೀಬಾರದು ಅಂತ ಮೇಲೆ ಅರಗು ತೀಡಿದ. ಆಮೇಲೆ ದನ ನೀರು ಕುಡಿಯೋ ಕಲ್ಲುಬಾನಿಯಲ್ಲಿ ಬಿಟ್ಟು ದಾರ ಎಳೆದ.

ಮೀನು ಈಜಿತು. ನಡು ಬಳುಕಿಸಿ, ಬಾಲ ಬೀಸಿ, ಬಾನಿಯ ಈ ಕೊನೆಯಿಂದ ಆ ಕೊನೆಗೆ ಹೋಯ್ತು. ಮಾದಿ ಬಾಯಿ ಮೇಲೆ ಕೈ ಇಟ್ಕೊಂಡಳು. ಹೊನ್ನಿ ನೀರಿಗೆ ಕೈ ಹಾಕಿ ಹಿಡಿಯೋಕೆ ಹೋದಳು.

ಮಾರನೇ ದಿನ ಮಡುವಿಗೆ ಹಾಕಿದ. ಅದು ಎಷ್ಟು ಚೆನ್ನಾಗಿ ಈಜಿತು ಅಂದರೆ ಸಣ್ಣ ಮೀನುಗಳು ತಮ್ಮದೇ ದೊಡ್ಡಪ್ಪ ಬಂದ ಅನ್ನೋ ಹಂಗೆ ಅದರ ಹಿಂದೆ ಗುಂಪು ಕಟ್ಕೊಂಡು ಬಂದ್ವು. ಬಾಳೆಮೀನು ಮಾತ್ರ ಒಂದೂ ಕಚ್ಚಲಿಲ್ಲ. ಒಂದು ಮಾತ್ರ ಆಳದಿಂದ ಮೇಲೆ ಬಂದು, ನೋಡಿ, ಹಂಗೇ ಕೆಳಗೆ ಹೋಯ್ತು.

ಕಾಳತಾತ ಎಲೆ ಅಡಿಕೆ ಉಗಿದು ಹೇಳಿದ: "ಲೇ, ಇಷ್ಟು ಗಟ್ಟಿಮುಟ್ಟಾಗಿ ಇರೋನ್ನ ಯಾರ್ಲಾ ಅಟ್ಟಿಸ್ಕೊಂಡು ಹೋಗ್ತಾರೆ? ಅವು ಕಾಯೋದು ಗುಂಪಲ್ಲಿ ಹಿಂದೆ ಬಿದ್ದದ್ದನ್ನ. ನಿನ್ನ ಮೀನಿಗೆ ಏನೂ ನೋವಿಲ್ಲವಲ್ಲ."

ಆ ಮಾತು ಜವರನ ತಲೆಯಲ್ಲಿ ಕೂತುಬಿಟ್ಟಿತು.

ಹೊಳೆಯ ಆಳ ಇಲ್ಲದ ನೀರಲ್ಲಿ ಒಂದು ಜೀವಂತ ಮೀನು ಹಿಡಿದು ತಂದ. ಒಂದು ಕಡೆಯ ಈಜುರೆಕ್ಕೆ ಕತ್ತರಿಸಿ ಬಾನಿಗೆ ಬಿಟ್ಟ. ಗಲ್ಲಕ್ಕೆ ಕೈ ಕೊಟ್ಟು ನೋಡ್ತಾ ಕೂತ. ಅದು ನಾಲ್ಕು ಸಲ ಬಾಲ ನೆಟ್ಟಗೆ ಬಡೀತಿತ್ತು, ಆಮೇಲೆ ತಡವರಿಸ್ತಿತ್ತು, ಒಂದು ಕಡೆಗೆ ವಾಲಿ ಮತ್ತೆ ಸರಿ ಮಾಡ್ಕೊಳ್ತಿತ್ತು. ಸಾಯೋಕೆ ಸ್ವಲ್ಪ ಮುಂಚೆ ಒಂದು ಸಲ ಹೊರಳಿ ಬಿಳಿ ಹೊಟ್ಟೆ ತೋರಿಸ್ತಿತ್ತು. ಅದು ಸತ್ತರೆ ಇನ್ನೊಂದು ತರ್ತಿದ್ದ.

"ದನ ಬಾನಿ ನೀರು ಮುಟ್ತಾ ಇಲ್ಲ" ಅಂದಳು ಮಾದಿ.

"ನೀರು ಬದಲಾಯಿಸಿದ್ದೀನಲ್ಲ."

"ಬದಲಾಯಿಸಿದರೂ ಮುಟ್ತಾ ಇಲ್ಲ. ಮೂಸಿ ನೋಡಿ ಹಿಂದಕ್ಕೆ ಸರೀತವೆ. ಸಾಕು ಬಿಡಪ್ಪ ಇದು."

ಜವರ ಬಿಡಲಿಲ್ಲ. ಹೊಸ ಮೀನು ಕೆತ್ತಿದ. ಈ ಸಲ ಮುಂದಿನ ಕೀಲು ಬಿಗಿ, ಹಿಂದಿನ ಕೀಲು ಸಡಿಲ. ಸೀಸವನ್ನ ಹೊಟ್ಟೆಯ ನಡುವೆ ಹೊಯ್ಯದೆ ಒಂದು ಪಕ್ಕಕ್ಕೆ ಹೊಯ್ದ. ಬಾಲ ಒಂದು ಕಡೆಗೆ ಬೇಗ ಹೋಗಿ ಇನ್ನೊಂದು ಕಡೆಗೆ ತಡವಾಗಿ ಬರ್ತಿತ್ತು. ಆದರೂ ಏನೋ ಒಂದು ಕಮ್ಮಿ. ಕೈಯಲ್ಲಿ ದಾರ ಎಳೆದರೆ ಎಳೆತ ಒಂದೇ ಸಮ ಬರೋದು. ನೋವಿಗೆ ಆ ಸಮ ಇರಲ್ಲ.

ಆಗ ಅವನು ದಾರವನ್ನ ತನ್ನ ಎಡ ಕಣಕಾಲಿಗೆ ಕಟ್ಕೊಂಡ. ಮೊಣಕಾಲುದ್ದದ ನೀರಿಗೆ ಇಳಿದು ಮಡುವಿನ ಅಂಚಲ್ಲಿ ನಡೆದ. ಬಲಗಾಲು ಊರಿ, ಎಡಗಾಲು ಎಳೆದು, ನಿಂತು, ಆಮೇಲೆ ಜಗ್ಗಿ. ಹಿಂದೆ ಮರದ ಮೀನೂ ಹಂಗೇ ಬಂತು. ಎಳೆದು, ನಿಂತು, ವಾಲಿ, ಜಗ್ಗಿ. ಅವನು ಕುಂಟಿದರೆ ಅದು ಕುಂಟಿತು. ಅವನು ನೋವಿರೋ ಹಂಗೆ ಮಾಡಿದಷ್ಟೂ ಅದಕ್ಕೆ ನೋವಾಯ್ತು.

ನೀರು ಒಡೀತು. ಅಷ್ಟು ದೊಡ್ಡ ಬಾಳೆಮೀನನ್ನ ಆ ಊರಲ್ಲಿ ಯಾರೂ ನೋಡಿರಲಿಲ್ಲ. ಅದರ ತಲೆಯೊಂದೇ ಮಾದಿಯ ತಪ್ಪಲೆ ತುಂಬ್ತು. ಊರಿಗೆಲ್ಲ ಸಾರು ಹಂಚಿದರು. ಕಾಳತಾತ ಮುಳ್ಳು ಚೀಪ್ತಾ, "ನಿನ್ನ ಒನಕೆ ಗೆದ್ದಿತು ಕಣ್ಲಾ" ಅಂದ.

ಜವರ ದಿನಾ ಹೋದ. ದಿನಾ ಕುಂಟಿದ. ದಿನಾ ಮೀನು ಬಂತು. ಬೇರೆಯವರೂ ಅವನ ಹತ್ತಿರ ಕೀಲುಮೀನು ಮಾಡಿಸ್ಕೊಂಡು ಹೋಗಿ ನೋಡಿದರು. ಯಾರಿಗೂ ಬೀಳಲಿಲ್ಲ. ಅವರಿಗೆ ಜವರನಷ್ಟು ಚೆನ್ನಾಗಿ ಕುಂಟೋಕೆ ಬರ್ತಿರಲಿಲ್ಲ.

ಒಂದು ಸಂಜೆ ಮನೆಗೆ ಬಂದಾಗ ಮಾದಿ ಬಾಗಿಲಲ್ಲೇ ನಿಂತಿದ್ದಳು.

"ಅಯ್ಯೋ, ಕಾಲಿಗೆ ಏನಾಯ್ತು?"

"ಏನಾಗಿದೆ?"

"ಕುಂಟ್ತಾ ಇದ್ದೀಯ."

ಜವರ ಕಾಲು ನೋಡ್ಕೊಂಡ. "ನೀರಿಂದ ಈಗ ತಾನೇ ಬಂದೆನಲ್ಲ. ಅಭ್ಯಾಸ."

"ನೀರು ಅಲ್ಲೇ ಬಿಟ್ಟು ಬಂದೆ. ಕುಂಟನ್ನೂ ಅಲ್ಲೇ ಬಿಟ್ಟು ಬರಬಾರದಾ?" ಅಂತ ಮಾದಿ ನಕ್ಕಳು. ಅವನೂ ನಕ್ಕ. ಅವನ ಬೆನ್ನ ಹಿಂದೆ, ಬೀದಿಯಲ್ಲಿ, ಒಂದು ನಾಯಿ ನಿಂತಿತ್ತು. ಮಾದಿ ಅದನ್ನ ಅಟ್ಟಿದಳು. ಅದು ಹೋಗಲಿಲ್ಲ.

ಅದು ಬೇರೆ ಯಾವ ನಾಯಿಯೂ ಅಲ್ಲ, ಅವರದೇ ಬೀದಿಯ ಕೆಂದನಾಯಿ. ಜವರನನ್ನ ಕಂಡರೆ ಬಾಲ ಆಡಿಸ್ಕೊಂಡು ಮೈಮೇಲೆ ಬೀಳೋದು ಅದರ ವಾಡಿಕೆ. ಈಗ ಬಾಲ ಆಡಿಸ್ತಿರಲಿಲ್ಲ. ತಲೆ ತಗ್ಗಿಸಿ, ಅವನಿಂದ ಸ್ವಲ್ಪ ದೂರದಲ್ಲಿ, ಅವನು ನಡೆದರೆ ನಡೆದು ಅವನು ನಿಂತರೆ ನಿಲ್ತಿತ್ತು. ಬೊಗಳ್ತಿರಲಿಲ್ಲ. ಮಾರನೇ ದಿನ ಅದರ ಜೊತೆ ಇನ್ನೊಂದು ಸೇರ್ಕೊಂತು. ಆಮೇಲೆ ಇನ್ನಷ್ಟು. ಅವು ಏನೂ ಮಾಡ್ತಿರಲಿಲ್ಲ. ಬರೀ ಹಿಂದೆ ಬರ್ತಿದ್ವು. ಮನೆ ಮುಂದಿನ ಹುಣಸೆಮರದಲ್ಲಿ ಹದ್ದುಗಳು ಕೂರೋಕೆ ಶುರು ಮಾಡಿದ್ವು. ಅವನು ಹೊರಗೆ ಬಂದರೆ ಎಲ್ಲ ಹದ್ದೂ ಒಟ್ಟಿಗೆ ಕತ್ತು ತಿರುಗಿಸ್ತಿದ್ವು.

ಜವರನಿಗೆ ಆಗ ಹೆದರಿಕೆ ಆಯ್ತು. ಇವತ್ತಿಂದ ನೆಟ್ಟಗೆ ನಡೀತೀನಿ ಅಂದ್ಕೊಂಡ. ಅಂಗಳದಲ್ಲಿ ನಿಂತು ಬಲಗಾಲು ಇಟ್ಟ. ಎಡಗಾಲು ಎಳೀತು, ನಿಂತಿತು, ಜಗ್ಗಿತು. ಮತ್ತೆ ಇಟ್ಟ. ಮತ್ತೆ ಹಂಗೇ.

"ಮಾದಿ, ನಾನು ಮೊದಲು ಹೆಂಗೆ ನಡೀತಿದ್ದೆ?"

"ಹೆಂಗೆ ಅಂದರೆ? ಮಾಮೂಲಿ, ಎಲ್ಲರ ಹಂಗೆ."

"ನೀನು ನಡೆದು ತೋರಿಸು."

ಮಾದಿ ನಡೆದಳು. ಅವನು ಅವಳ ಹಿಮ್ಮಡಿ ನೋಡ್ಕೊಂಡು ಹಿಂದೆ ನಡೆದ. ಬಾನಿಯಲ್ಲಿ ಮೀನು ನೋಡಿ ಕಲಿತ ಕಣ್ಣು ಅದು, ಎಂಥಾ ನಡಿಗೆಯನ್ನೂ ಹಿಡಿದಿಡೋ ಕಣ್ಣು. ಆದರೂ ಆಗಲಿಲ್ಲ. ಮಾದಿ ತಿರುಗಿ ನೋಡಿದಳು. ಈ ಸಲ ನಗಲಿಲ್ಲ.

ಹೊಳೆಯಲ್ಲೂ ಏನೋ ಬದಲಾಗಿತ್ತು. ಮೀನು ಬೀಳೋದು ನಿಂತಿತ್ತು. ಜವರ ನೀರಲ್ಲಿ ನಡೀತಾ ಒಂದು ಸಲ ತಿರುಗಿ ನೋಡಿದ. ಹಿಂದೆ ಮರದ ಮೀನು ಕುಂಟ್ಕೊಂಡು ಬರ್ತಿತ್ತು. ಅದರ ಹಿಂದೆ ನೀರು ಉಬ್ಬಿತ್ತು. ಒಂದು ಎಮ್ಮೆ ಮುಳುಗಿ ಬಂದರೆ ಮೇಲಿನ ನೀರು ಹೆಂಗೆ ಉಬ್ಬುತ್ತೋ ಹಂಗೆ. ಆ ಉಬ್ಬು ಮರದ ಮೀನಿನ ಹತ್ತಿರ ಬಂತು. ಅದನ್ನ ಮುಟ್ಟಲಿಲ್ಲ. ಅದನ್ನ ಬಳಸ್ಕೊಂಡು ದಾಟಿ ಇವನ ಕಡೆಗೆ ಬಂತು.

ಜವರ ದಡಕ್ಕೆ ಹಾರಿಬಿದ್ದು ದಾರ ಬಿಚ್ಚಿದ. ದಾರದ ಒಂದು ತುದಿಗೆ ಮರ ಕಟ್ಟಿದ್ದೆ, ಇನ್ನೊಂದು ತುದಿಗೆ ಏನು ಕಟ್ಟಿದ್ದೆ ಅಂತ ಅವನಿಗೆ ಆಗ ಗೊತ್ತಾಯ್ತು. ಕೀಲುಮೀನನ್ನ ಒಡೆದು ಹಾಕೋಕೆ ಕಲ್ಲೆತ್ತಿದ. ತಾನೇ ಕೆತ್ತಿದ್ದು, ಮನಸ್ಸು ಬರಲಿಲ್ಲ. ನಡುವಿಗೆ ಸಿಕ್ಕಿಸ್ಕೊಂಡು ಮನೆಗೆ ಬಂದ. ಇನ್ನು ಹೊಳೆಗೆ ಹೋಗಲ್ಲ ಅಂತ ಮಾದಿಗೆ ಮಾತು ಕೊಟ್ಟ. ಅಲ್ಲಿಗೆ ಮುಗೀತು ಅಂದ್ಕೊಂಡ.

ಹೊನ್ನಿಗೆ ಆಗ ಗೋಡೆ ಹಿಡಿದು ನಿಲ್ಲೋ ವಯಸ್ಸು. ಇವತ್ತು ಹೆಜ್ಜೆ ಇಡ್ತಾಳೆ, ನಾಳೆ ಇಡ್ತಾಳೆ ಅಂತ ಗಂಡ ಹೆಂಡತಿ ಕಾಯ್ತಾ ಇದ್ದರು. ಒಂದು ಬೆಳಿಗ್ಗೆ ಜವರ ಅಂಗಳದ ಕೊನೆಯಲ್ಲಿ ಕೂತು ಕೈ ಚಾಚಿದ.

"ಬಾ ನನ್ನ ಬಂಗಾರ, ಬಾ. ಅಪ್ಪನ ಹತ್ರ ಬಾ."

ಮಗು ಗೋಡೆ ಬಿಡ್ತು. ಮಾದಿ ಚಪ್ಪಾಳೆ ತಟ್ಟಿದಳು. ಮಗು ಬಲಗಾಲು ಊರಿತು. ಎಡಗಾಲು ಎಳೀತು. ನಿಂತಿತು. ಆಮೇಲೆ ಜಗ್ಗಿತು. ಮತ್ತೆ ಬಲಗಾಲು ಊರಿತು. ಅಪ್ಪನ್ನ ನೋಡಿ ನಗ್ತಾ, ವಾಲ್ತಾ, ಸರಿ ಮಾಡ್ಕೊಳ್ತಾ ಬಂತು.

ಮಾದಿಯ ಕೈ ನಿಂತಿತು.

ಬೇಲಿ ಹೊರಗೆ ಮಲಗಿದ್ದ ನಾಯಿಗಳು ಎದ್ದು ನಿಂತವು. ಅವು ಜವರನನ್ನ ನೋಡ್ತಾ ಇರಲಿಲ್ಲ.

ಮಾದಿ ಓಡಿ ಹೋಗಿ ಮಗೂನ ಎತ್ಕೊಂಡಳು. ಗಂಡನ ಮುಖ ನೋಡದೆ ಮಾತಾಡಿದಳು.

"ಕೂಸು ಕಂಡಿದ್ದನ್ನ ಕಲೀತದೆ. ಇವಳು ಇಷ್ಟು ದಿನ ಕಂಡಿದ್ದು ನಿನ್ನ ಈ ನಡಿಗೆ. ನಮ್ಮವ್ವನ ಮನೆಗೆ ಕರ್ಕೊಂಡು ಹೋಗ್ತೀನಿ. ನೆಟ್ಟಗೆ ನಡೆಯೋರ ಮಧ್ಯ ಇದ್ದರೆ ಇನ್ನೂ ತಿದ್ಕೊಬಹುದು. ಕಾಲು ಗಟ್ಟಿ ಆಗೋ ತನಕ ನೀನು ಇವಳ ಕಣ್ಣಿಗೆ ಬೀಳಬೇಡ."

"ಹೊಳೆ ದಾಟಿಸೋ ತನಕ ಬರ್ತೀನಿ."

"ಬೇಡ."

"ಹಿಂದೆ ದೂರದಲ್ಲಿ ಬರ್ತೀನಿ ಮಾದಿ. ಮರದ ಮರೆಯಲ್ಲಿ ನಿಂತಿರ್ತೀನಿ. ಅವಳಿಗೆ ಕಾಣಲ್ಲ."

ಮಾದಿ ಮಗೂನ ಸೊಂಟಕ್ಕೆ ಏರಿಸ್ಕೊಂಡು ಹೊರಟಳು. ನಾಯಿಗಳು ಅವಳ ಹಿಂದೆ ಹೊರಟ್ವು. ಅವುಗಳ ಹಿಂದೆ, ದೂರದಲ್ಲಿ, ಕುಂಟ್ಕೊಂಡು ಜವರ ಹೊರಟ.

ಮಡುವಿನ ತಲೆಯಲ್ಲೇ ಕಡವು, ಹರಿಗೋಲು ಹತ್ತೋ ಜಾಗ. ಕಾಳತಾತ ಹರಿಗೋಲನ್ನ ದಡಕ್ಕೆ ತರೋ ತನಕ ಮಾದಿ ಮರಳಿನ ಮೇಲೆ ನಿಂತಿದ್ದಳು. ಮಗು ಇಳಿಸು ಅಂತ ಒದ್ದಾಡ್ತು. ಗಂಟು ಸರಿ ಮಾಡ್ಕೊಳ್ಳೋಕೆ ಅಂತ ಒಂದು ಗಳಿಗೆ ಇಳಿಸಿದಳು. ಹೊಸದಾಗಿ ಕಾಲು ಬಂದ ಮಗು, ನಿಲ್ಲುತ್ತಾ? ಬಲಗಾಲು ಊರಿ, ಎಡಗಾಲು ಎಳೆದು, ನೀರಿನ ಕಡೆಗೆ ನಡೀತು. ಹಸಿ ಮರಳಿನ ಮೇಲೆ ಒಂದು ಪಾದದ ಗುರುತು, ಒಂದು ಗೀರು. ಒಂದು ಪಾದದ ಗುರುತು, ಒಂದು ಗೀರು.

ಮಡುವಿನ ನಡುವೆ ನೀರು ಉಬ್ಬಿತು.

ಮಾದಿಗೆ ಅದು ಕಾಣಲಿಲ್ಲ. ಮಗೂನ ಎತ್ಕೊಂಡು ಹರಿಗೋಲು ಹತ್ತಿ ಕೂತಳು. ತಾತ ಹುಟ್ಟು ಹಾಕಿದ. ಹೊಂಗೆಮರದ ಮರೆಯಲ್ಲಿ ನಿಂತಿದ್ದ ಜವರನಿಗೆ ಎಲ್ಲ ಕಾಣ್ತು. ಹರಿಗೋಲು ಹೋದ ಕಡೆಗೆ ಉಬ್ಬು ಹೋಯ್ತು. ಆತುರವೇ ಇಲ್ಲದ ಹಂಗೆ ಹೋಯ್ತು.

ಹರಿಗೋಲು ಗಿರ್ ಅಂತ ತಿರುಗ್ತು. ತಾತ ಹುಟ್ಟು ಹಾಕಿದರೂ ಮುಂದೆ ಸಾಗಲಿಲ್ಲ.

"ಮಾದಿ, ಮಗೂನ ಸೆರಗಲ್ಲಿ ಮುಚ್ಕೋ" ಅಂದ ತಾತ.

ಜವರ ಮರದ ಮರೆಯಿಂದ ಹೊರಗೆ ಬಂದ. ಆವತ್ತಿಂದ ಸೊಂಟದಲ್ಲೇ ಇದ್ದ ಕೀಲುಮೀನು ತೆಗೆದು, ದಾರವನ್ನ ಎಡಗಾಲಿಗೆ ಕಟ್ಟಿ, ನೀರಿಗೆ ಇಳಿದ. ಬಲಗಾಲು ಊರಿ, ಎಡಗಾಲು ಎಳೆದು, ಮಡುವಿನ ಅಂಚಲ್ಲಿ ನಡೆದ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವನು ಕುಂಟಿರಲಿಲ್ಲ. ಹಿಂದೆ ಮರದ ಮೀನೂ ಕುಂಟಿತು. ಉಬ್ಬು ತಿರುಗಲಿಲ್ಲ. ಅದಕ್ಕೆ ಈ ಕುಂಟು ಹಳೇದು. ಹರಿಗೋಲಿನಲ್ಲಿ ಇರೋದು ಹೊಸದು, ಎಳೇದು.

ಮೊಣಕಾಲುದ್ದದಿಂದ ನಡುಮಟ್ಟದ ನೀರಿಗೆ ಹೋದ. ತಿರುಗಲಿಲ್ಲ. ಎದೆಮಟ್ಟಕ್ಕೆ ಹೋದ. ತಿರುಗಲಿಲ್ಲ.

"ಅಪ್ಪಾ" ಅಂತು ಮಗು. ಸೆರಗಿನ ಸಂದಿಯಿಂದ ನೋಡ್ತಿತ್ತು.

ಆಗ ಜವರನಿಗೆ ಕಲ್ಲುಬಾನಿ ನೆನಪಾಯ್ತು. ರೆಕ್ಕೆ ಕತ್ತರಿಸಿದ ಆ ಮೀನುಗಳ ಹತ್ತಿರ ಅವನು ಎಲ್ಲವನ್ನೂ ಕಲ್ತಿದ್ದ. ಒಂದನ್ನ ಮಾತ್ರ ಯಾವತ್ತೂ ಮಾಡಿ ನೋಡಿರಲಿಲ್ಲ. ಅವು ಕೊನೆಗೆ ಮಾಡ್ತಿದ್ದದ್ದು.

"ತಾತ, ಮಗು ಕಣ್ಣು ಮುಚ್ಚು ಅಂತ ಮಾದಿಗೆ ಹೇಳು" ಅಂತ ಕೂಗಿದ.

ಆಮೇಲೆ ನೀರಲ್ಲಿ ಹೊರಳಿದ. ಹೊಟ್ಟೆ ಮೇಲೆ ಮಾಡಿ, ಕೈಕಾಲು ಸಡಿಲ ಬಿಟ್ಟು, ಒಂದೇ ಸಲ.

ಉಬ್ಬು ತಿರುಗ್ತು.

ಹರಿಗೋಲು ತಿರುಗೋದು ನಿಂತಿತು. ತಾತ ಹುಟ್ಟು ಹಾಕಿದ, ಹಾಕ್ತಾನೇ ಇದ್ದ, ಆಚೆ ದಡದ ಮರಳು ತಗಲಿದ ಮೇಲೂ ಹಾಕ್ತಾ ಇದ್ದ. ತಿರುಗಿ ನೋಡಿದಾಗ ಮಡು ತಟ್ಟೆಯಲ್ಲಿಟ್ಟ ನೀರಿನ ಹಂಗೆ ಸುಮ್ಮನೆ ಇತ್ತು. ಈಚೆ ದಡದಲ್ಲಿ ಸಾಲಾಗಿ ಕೂತಿದ್ದ ನಾಯಿಗಳು ಒಂದೊಂದೇ ಎದ್ದು ಊರಿನ ಕಡೆಗೆ ಹೋದ್ವು.

ನೀರಿನ ಮೇಲೆ ಕೀಲುಮೀನು ಒಂದೇ ಉಳಿದಿತ್ತು. ದಾರ ಹಿಡಿದು ಎಳೆಯೋರು ಯಾರೂ ಇರಲಿಲ್ಲ. ಅಲ್ಲಿ ಸೆಳವೂ ಇರಲಿಲ್ಲ. ಆದರೂ ಅದು ಎಳೆದು, ನಿಂತು, ವಾಲಿ, ಜಗ್ಗಿ, ಅಂಚಿನ ಉದ್ದಕ್ಕೂ ಹೋಗ್ತಾ ಇತ್ತು. ಆ ಊರಿನವರು ಯಾರೂ ಅದನ್ನ ತೆಗೀಲಿಲ್ಲ.

ಆಚೆ ದಡದಲ್ಲಿ ಮಗು ಮತ್ತೆ ಕೆಳಗೆ ಇಳಿಸು ಅಂತ ಹಟ ಮಾಡ್ತು. ತವರಿನ ತನಕ ದಾರಿ ದೂರ. ಮಾದಿಯ ತೋಳು ಬಿದ್ದು ಹೋಗ್ತಿತ್ತು. ಆದರೂ ಅವಳು ಮಗೂನ ಇಳಿಸಲಿಲ್ಲ.

*

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬಟ್ಟಲಲ್ಲಿ ಹಿತುಕಿದ ಬೇಳೆ ತುಂಬಿತ್ತು. ಅದೆಲ್ಲ ಗುರುಗಳು ಹಿತುಕಿದ್ದು. ಶಿವನಂಜ ತಗೊಂಡಿದ್ದ ಒಂದು ಹಿಡಿ ಕಾಳು ಅವನ ಮುಷ್ಟಿಯಲ್ಲೇ ಇತ್ತು.

"ಆ ಮಗು..." ಅಂದ. ಗಂಟಲು ಕಟ್ಟಿತು. ಕತೆ ಹೇಳುವಾಗ ಕಟ್ಟೋ ಹಂಗೇ ಕಟ್ಟಿತು. ಇದು ತಾನಾಗೇ ಬಂದದ್ದೋ ತಾನೇ ತಂದ್ಕೊಂಡದ್ದೋ ಅವನಿಗೇ ಗೊತ್ತಾಗಲಿಲ್ಲ. ಕೆಮ್ಮಿ ಸರಿ ಮಾಡ್ಕೊಂಡು ಕೇಳಿದ: "ಆ ಮಗು ಆಮೇಲೆ ನೆಟ್ಟಗೆ ನಡೀತಾ, ಗುರುಗಳೇ?"

ಗುರುಗಳು ಬಟ್ಟಲು ಎತ್ಕೊಂಡು ಎದ್ದರು.

"ನಿನ್ನೆ ಕಟ್ಟೆ ಮೇಲೆ ಆಡ್ತಿದ್ದ ಮಕ್ಕಳು, ಆಟ ಮುಗಿದ ಮೇಲೆ ಅಳು ನಿಲ್ಲಿಸಿದ್ವಾ ಅಂತ ನೋಡ್ಕೊಂಡು ಬಂದ್ಯಾ?"